ಗೋಡೆಯ ನಕ್ಷೆಯನ್ನು ನೆಲಕ್ಕಿಳಿಸುವುದು: 5ರಿಂದ 8ನೇ ತರಗತಿಗೆ ನಕ್ಷೆ ಪಾಠ

ಆರನೇ ತರಗತಿಯಲ್ಲಿ "ಉತ್ತರ ಯಾವ ಕಡೆ, ತೋರಿಸಿ" ಎಂದು ಕೇಳಿ ನೋಡಿ. ಒಂದಷ್ಟು ಕೈಗಳಾದರೂ ಸೂರಿನ ಕಡೆ ಏಳುತ್ತವೆ. ಮಕ್ಕಳನ್ನು ಬೈದು ಫಲವಿಲ್ಲ. ಮೊಳೆ ಹೊಡೆದು ತೂಗುಹಾಕಿದ ನಕ್ಷೆಯಲ್ಲಿ ಬೀದರ್ ಮೇಲಿದೆ, ಚಾಮರಾಜನಗರ ಕೆಳಗಿದೆ. ಹಾಗಾಗಿ ಉತ್ತರ ಎಂದರೆ ಮೇಲೆ, ದಕ್ಷಿಣ ಎಂದರೆ ಕೆಳಗೆ. ಇದರ ಬೆನ್ನಿಗೇ ಇನ್ನೊಂದು ತಪ್ಪು ಬರುತ್ತದೆ: ನೀರು ಮೇಲಿಂದ ಕೆಳಕ್ಕೆ ಹರಿಯುವುದರಿಂದ ನದಿಗಳೆಲ್ಲ ಉತ್ತರದಿಂದ ದಕ್ಷಿಣಕ್ಕೆ ಹರಿಯಬೇಕು. ಹಾಗಿದ್ದರೆ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ವಾಯವ್ಯಕ್ಕೆ ಹರಿದು ಹೊನ್ನಾವರದಲ್ಲಿ ಸಮುದ್ರ ಸೇರುವುದು ಹೇಗೆ?

ಮೊದಲ ಕೆಲಸ, ನಕ್ಷೆಯನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಹಾಸುವುದು. ನಕ್ಷೆಯ ಉತ್ತರವನ್ನು ನಿಜವಾದ ಉತ್ತರಕ್ಕೆ ತಿರುಗಿಸಿ, ಮಕ್ಕಳನ್ನು ಸುತ್ತ ಕೂರಿಸಿ, ನಿಮ್ಮ ಊರಿನ ಮೇಲೆ ಒಂದು ಹುಣಸೆ ಬೀಜ ಇಡಿ. "ಬೀಜದಿಂದ ಮಂಗಳೂರು ಯಾವ ಕಡೆ?" ಎಂದು ಕೇಳಿದಾಗ ಮಗು ನಕ್ಷೆಯ ಮೇಲೆ ಕೈ ಚಾಚಿದ ದಿಕ್ಕಿಗೇ ನೆಲದ ಮೇಲೂ ಮಂಗಳೂರು ಇರುತ್ತದೆ. ಇದು ಹೊಳೆದ ಮೇಲೆ ಉಳಿದ ಪಾಠ ಹಗುರ.

ಕಲಿಸುವ ಕ್ರಮ ಹೀಗಿರಲಿ: ಮೊದಲು ನೆಲ, ಆಮೇಲೆ ಕಾಗದ, ಕೊನೆಗೆ ಫೋನು. ನೇರವಾಗಿ ಫೋನಿನಿಂದ ಶುರುಮಾಡಿದರೆ ಮಕ್ಕಳು ನೀಲಿ ಚುಕ್ಕೆಯನ್ನು ನೋಡುತ್ತಾರೆಯೇ ಹೊರತು ನಕ್ಷೆಯನ್ನಲ್ಲ. 40 ನಿಮಿಷದ ಎಂಟರಿಂದ ಹತ್ತು ಪೀರಿಯಡ್ ಬೇಕಾಗುತ್ತದೆ. ಸಾಮಾನು ಹೆಚ್ಚೇನಿಲ್ಲ: 30 ಮೀಟರಿನ ಒಂದು ಟೇಪು, 50 ಸೆಂ.ಮೀ. ಉದ್ದದ ನೇರವಾದ ಕೋಲು, ದಾರ, ಸೀಮೆಸುಣ್ಣ, ಗ್ರಾಫ್ ಹಾಳೆ, ಕೈವಾರ, ಶಿಕ್ಷಕರ ಒಂದು ಫೋನು.

ದಿಕ್ಕು: ಸೂರ್ಯನನ್ನು ಅರ್ಧ ಮಾತ್ರ ನಂಬಿ

"ಸೂರ್ಯ ಹುಟ್ಟುವ ಕಡೆ ಮುಖ ಮಾಡಿ ನಿಂತರೆ ಎದುರಿಗೆ ಪೂರ್ವ" ಎಂಬ ಪಾಠ ವರ್ಷದಲ್ಲಿ ಎರಡೇ ದಿನ ಪೂರ್ತಿ ಸರಿ: ಮಾರ್ಚ್ 20–21 ಮತ್ತು ಸೆಪ್ಟೆಂಬರ್ 22–23ರ ಸುಮಾರಿಗೆ. ಶಾಲೆ ಶುರುವಾಗುವ ಜೂನ್‌ನಲ್ಲಿ ನಮ್ಮ ರಾಜ್ಯದಲ್ಲಿ ಸೂರ್ಯ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ ಸರಿದು. ಅಂದಾಜಿಗೆ ಪರವಾಗಿಲ್ಲ, ನಕ್ಷೆ ಬರೆಯಲು ಸಾಲದು.

"ಮಧ್ಯಾಹ್ನ 12ಕ್ಕೆ ನೆರಳು ಬೀಳುವ ಕಡೆ ಉತ್ತರ" ಎಂಬುದರಲ್ಲಿ ಎರಡು ತಪ್ಪಿವೆ. ಭಾರತದ ಗಡಿಯಾರ ನಡೆಯುವುದು 82½ ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಅದರಿಂದ ಐದು ಡಿಗ್ರಿಯಷ್ಟು ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷ. ಹಾಗಾಗಿ ಅಲ್ಲಿ ಸೂರ್ಯ ಆ ದಿನದ ಅತಿ ಎತ್ತರಕ್ಕೆ ಬರುವುದು ಸರಾಸರಿ 12:20ಕ್ಕೆ. ಮಂಗಳೂರಿನಲ್ಲಿ ಇನ್ನೂ 11 ನಿಮಿಷ ತಡ. ಋತುವಿಗೆ ತಕ್ಕಂತೆ ಇದೂ ಕಾಲು ಗಂಟೆಯಷ್ಟು ಹಿಂದೆ ಮುಂದೆ ಆಗುತ್ತದೆ. ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿನಿಂದ ಆಗಸ್ಟ್ 18ರವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆ ಎರಡು ತುದಿಯ ದಿನಗಳೇ ಶೂನ್ಯ ನೆರಳಿನ ದಿನಗಳು. ಜುಲೈನಲ್ಲಿ ಈ ಪ್ರಯೋಗ ಮಾಡಿಸಿ "ನೆರಳಿನ ತುದಿ ಉತ್ತರ" ಎಂದರೆ ಇಡೀ ತರಗತಿ ಹಿಂದುಮುಂದಾಗಿ ಕಲಿಯುತ್ತದೆ.

ಯಾವ ತಿಂಗಳಲ್ಲೂ ಕೈಕೊಡದ ವಿಧಾನ ಹಳೆಯ ಶಂಕುವಿನದು. ಸಮತಟ್ಟಾದ ಜಾಗದಲ್ಲಿ ಕೋಲು ನೆಡಿ. ನೆಟ್ಟಗಿದೆಯೇ ಎಂದು ದಾರಕ್ಕೆ ಕಲ್ಲು ಕಟ್ಟಿ ಎರಡು ಬದಿಯಿಂದ ನೋಡಿ; ಕೋಲು ವಾಲಿದ್ದರೆ ಉಳಿದದ್ದೆಲ್ಲ ವ್ಯರ್ಥ. ಬೆಳಿಗ್ಗೆ 10ಕ್ಕೆ ನೆರಳಿನ ತುದಿಗೆ ಗುರುತು ಹಾಕಿ. ಕೋಲಿನ ಬುಡದಿಂದ ಆ ಗುರುತಿನವರೆಗಿನ ಉದ್ದವನ್ನೇ ತ್ರಿಜ್ಯ ಮಾಡಿಕೊಂಡು ದಾರದಿಂದ ವೃತ್ತ ಎಳೆಯಿರಿ. ನೆರಳು ಕುಗ್ಗಿ ವೃತ್ತದೊಳಗೆ ಹೋಗುತ್ತದೆ, ಮಧ್ಯಾಹ್ನದ ಮೇಲೆ ಬೆಳೆದು ಮತ್ತೆ ವೃತ್ತವನ್ನು ಮುಟ್ಟುತ್ತದೆ. ಮುಟ್ಟಿದ ಕಡೆ ಎರಡನೇ ಗುರುತು. ಎರಡು ಗುರುತುಗಳನ್ನು ಸೇರಿಸುವ ಗೆರೆಯೇ ಪೂರ್ವ–ಪಶ್ಚಿಮ. ಬೆಳಗಿನ ಗುರುತು ಪಶ್ಚಿಮದ್ದು. ಅದಕ್ಕೆ ಲಂಬವಾಗಿ ಎಳೆದದ್ದು ಉತ್ತರ–ದಕ್ಷಿಣ. ಎರಡನೇ ಗುರುತಿಗಾಗಿ 2 ಗಂಟೆಯಿಂದಲೇ ಇಬ್ಬರು ಮಕ್ಕಳನ್ನು ಕಾವಲಿಗೆ ಹಾಕಿ. ತಿಂಗಳು ಮತ್ತು ಊರಿಗೆ ತಕ್ಕಂತೆ ಅದು 2 ದಾಟಿದ ಮೇಲೆ ಮೂರೂಮುಕ್ಕಾಲಿನೊಳಗೆ ಬರುತ್ತದೆ. ಮೋಡ ಕವಿದರೆ ಆ ದಿನ ಕೆಟ್ಟ ಹಾಗೆಯೇ. ಮಳೆಗಾಲದಲ್ಲಿ 10, 10:20, 10:40ಕ್ಕೆ ಮೂರು ವೃತ್ತ ಎಳೆದಿಟ್ಟರೆ ಒಂದಾದರೂ ಸಿಗುತ್ತದೆ. ಸಿಕ್ಕಿದ ಗೆರೆಗೆ ಅಂಗಳದಲ್ಲಿ ಬಣ್ಣ ಬಳಿದುಬಿಡಿ, ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ದಿಕ್ಸೂಚಿಯನ್ನು ಈ ಗೆರೆ ಸಿಕ್ಕ ಮೇಲೆ ತೆಗೆಯಿರಿ. ಕರ್ನಾಟಕದಲ್ಲಿ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಎರಡು ಡಿಗ್ರಿಗಿಂತ ಕಡಿಮೆ, ಶಾಲೆಯ ಕೆಲಸಕ್ಕೆ ಲೆಕ್ಕಕ್ಕಿಲ್ಲ. ಮುಳ್ಳು ಗೆರೆಗಿಂತ ಹತ್ತು ಹದಿನೈದು ಡಿಗ್ರಿ ಸರಿದು ನಿಂತರೆ ಹತ್ತಿರ ಕಬ್ಬಿಣ ಇದೆ ಎಂದೇ ಅರ್ಥ: ಬೆಂಚಿನ ಕಾಲು, ಬೀರು, ಕಿಟಕಿಯ ಸರಳು. ಫೋನಿನ ದಿಕ್ಸೂಚಿಗೆ ಇನ್ನೊಂದು ಶತ್ರು ಉಂಟು, ಅಯಸ್ಕಾಂತದ ಬಟನ್ ಇರುವ ಫೋನ್ ಕವರ್. ಕವರ್ ಕಳಚಿ, ಫೋನನ್ನು ಗಾಳಿಯಲ್ಲಿ 8ರ ಆಕಾರದಲ್ಲಿ ನಾಲ್ಕೈದು ಸಲ ಆಡಿಸಿದ ಮೇಲೆ ನೋಡಿ.

ವಿದಿಕ್ಕುಗಳ ಹೆಸರು ಮಕ್ಕಳ ನಾಲಿಗೆಯಲ್ಲಿ ಕಲಸಿಹೋಗುವುದೇ ಹೆಚ್ಚು. ಮನೆಯ ಮಾತಿಗೆ ಕಟ್ಟಿದರೆ ನಿಲ್ಲುತ್ತವೆ: ಅಡುಗೆಮನೆಯ ಬೆಂಕಿ ಇರಬೇಕು ಎನ್ನುವ ಮೂಲೆ ಆಗ್ನೇಯ, ದೇವರಮನೆಯದು ಈಶಾನ್ಯ, ಮುಂಗಾರು ಬರುವುದು ನೈಋತ್ಯದಿಂದ, ಉಳಿದದ್ದು ವಾಯವ್ಯ. ಕರಾವಳಿಯ ಮಕ್ಕಳಿಗೆ ಊರಿನ ಹೆಸರೇ ಪಾಠ. ಮೂಡುಬಿದಿರೆ ಒಳನಾಡಿನಲ್ಲಿ ಮೂಡಣಕ್ಕೆ, ಪಡುಬಿದ್ರಿ ಕಡಲ ಬದಿಯಲ್ಲಿ ಪಡುವಣಕ್ಕೆ. ಯಕ್ಷಗಾನ ನೋಡುವ ಮನೆಯ ಮಕ್ಕಳಿಗೆ ತೆಂಕು (ದಕ್ಷಿಣ), ಬಡಗು (ಉತ್ತರ) ಹೇಳಿಕೊಡಬೇಕಾದದ್ದೇ ಇಲ್ಲ.

ಹಲ್ಲಿಯ ಕಣ್ಣಿನಲ್ಲಿ ತರಗತಿ

"ನಿಮ್ಮ ತರಗತಿಯ ನಕ್ಷೆ ಬರೆಯಿರಿ" ಎಂದರೆ ಮಕ್ಕಳು ಬೆಂಚಿಗೆ ನಾಲ್ಕು ಕಾಲು ಬರೆಯುತ್ತಾರೆ, ಬಾಗಿಲಿಗೆ ಚಿಲಕ ಹಾಕುತ್ತಾರೆ. ಅದು ಚಿತ್ರ, ನಕ್ಷೆಯಲ್ಲ. ಈ ವ್ಯತ್ಯಾಸವನ್ನು ವ್ಯಾಖ್ಯಾನದಿಂದ ಹೇಳಲು ಹೋಗಬೇಡಿ. "ಸೂರಿನಲ್ಲಿ ಕೂತ ಹಲ್ಲಿಗೆ ಏನು ಕಾಣುತ್ತದೆ?" ಎಂದು ಕೇಳಿ. ಲೋಟ, ಬೆಂಕಿಪೊಟ್ಟಣ, ಡಸ್ಟರ್ ಮೂರನ್ನೂ ಹಾಳೆಯ ಮೇಲಿಟ್ಟು ಬುಡದ ಸುತ್ತ ಗೆರೆ ಎಳೆಸಿ, ವಸ್ತು ಎತ್ತಿ. ಉಳಿದ ವೃತ್ತ ಮತ್ತು ಆಯತಗಳೇ ನಕ್ಷೆ.

ಆಮೇಲೆ ಅಳತೆ. ಕೋಣೆ 8 ಮೀಟರ್ ಉದ್ದ, 6 ಮೀಟರ್ ಅಗಲ ಎಂದಿಟ್ಟುಕೊಳ್ಳಿ. 1 ಮೀಟರಿಗೆ 2 ಸೆಂ.ಮೀ. ಎಂದರೆ 16 × 12 ಸೆಂ.ಮೀ., ನೋಟ್‌ಬುಕ್ಕಿನ ಒಂದು ಪುಟದಲ್ಲಿ ಕೂರುತ್ತದೆ. 1 ಮೀಟರಿನಲ್ಲಿ 100 ಸೆಂ.ಮೀ., ಕಾಗದದಲ್ಲಿ 2 ಸೆಂ.ಮೀ., ಆದ್ದರಿಂದ ಪ್ರಮಾಣ 1:50. ಗೋಡೆಗಳನ್ನು ಮೊದಲು ಬರೆಸಿ, ನಂತರ ಬಾಗಿಲು, ಕಿಟಕಿ, ಕಪ್ಪುಹಲಗೆ, ಕೊನೆಗೆ ಬೆಂಚು. ಬೆಂಚಿನಿಂದ ಶುರುಮಾಡಿದವರ ಕೋಣೆ ಹಾಳೆಯಿಂದ ಆಚೆ ಹೋಗುತ್ತದೆ. ಪ್ರತಿ ವಸ್ತುವನ್ನೂ ಎರಡು ಗೋಡೆಗಳಿಂದ ಅಳೆಯಬೇಕು. ಒಂದೇ ಗೋಡೆಯಿಂದ ಅಳೆದರೆ ಬೆಂಚು ಎಲ್ಲಿ ಬೇಕಾದರೂ ಜಾರಬಹುದು.

ಇಲ್ಲಿ ಮಕ್ಕಳೂ ಎಡವುವ, ಶಿಕ್ಷಕರೂ ಎಡವುವ ಒಂದು ಮಾತಿದೆ. 1:50 ದೊಡ್ಡ ಪ್ರಮಾಣದ ನಕ್ಷೆ, 1:50,000 ಸಣ್ಣ ಪ್ರಮಾಣದ್ದು. ಸಂಖ್ಯೆ ದೊಡ್ಡದಿರುವುದು ಸಣ್ಣದು ಹೇಗಾಯಿತು? ಒಂದು ರೊಟ್ಟಿಯನ್ನು 50 ತುಂಡು ಮಾಡಿದಾಗಿನ ಚೂರು ದೊಡ್ಡದೋ, 50,000 ತುಂಡು ಮಾಡಿದಾಗಿನದೋ ಎಂದು ಕೇಳಿ, ಮುಗಿಯಿತು.

ಹೆಜ್ಜೆಯಲ್ಲಿ ಮೈದಾನ

ಟೇಪಿನಲ್ಲಿ 20 ಮೀಟರ್ ಅಳೆದು ಎರಡು ಕಲ್ಲಿಡಿ. ಪ್ರತಿಯೊಬ್ಬರೂ ಮೂರು ಸಲ ಮಾಮೂಲಿ ನಡಿಗೆಯಲ್ಲಿ ನಡೆದು ಹೆಜ್ಜೆ ಎಣಿಸಲಿ. 32, 34, 33 ಬಂದರೆ ಸರಾಸರಿ 33. 20ನ್ನು 33ರಿಂದ ಭಾಗಿಸಿದರೆ ಹೆಜ್ಜೆಗೆ 60 ಸೆಂ.ಮೀ. ಚಿಲ್ಲರೆ. ಈ ಅಂಕಿಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಲಿ. ಮೂರು ಎಣಿಕೆಯಲ್ಲಿ ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮಗು ದಾಪುಗಾಲು ಹಾಕುತ್ತಿದೆ. ಕಮ್ಮಿ ಹೆಜ್ಜೆಯಲ್ಲಿ ಮುಗಿಸಿದವರೇ ಗೆದ್ದ ಹಾಗೆ ಎಂದುಕೊಂಡಿರುತ್ತಾರೆ. ಎಣಿಕೆ ತಪ್ಪಿಹೋಗುವವರು ಬಲಗಾಲು ಬಿದ್ದಾಗ ಮಾತ್ರ ಎಣಿಸಲಿ, ಅಂಕಿ ಅರ್ಧಕ್ಕೆ ಇಳಿಯುತ್ತದೆ.

60 × 40 ಮೀಟರಿನ ಮೈದಾನಕ್ಕೆ 1 ಸೆಂ.ಮೀ.ಗೆ 5 ಮೀಟರ್ ಎಂದರೆ 12 × 8 ಸೆಂ.ಮೀ. ಸಾಕು. ಆದರೆ ಶಾಲೆಯ ಜಾಗ ಆಯತವಾಗಿಯೇ ಇರುತ್ತದೆ ಎಂದು ನಂಬಬೇಡಿ. ನಾಲ್ಕು ಬದಿಯ ಜೊತೆ ಒಂದು ಕರ್ಣವನ್ನೂ ಅಳೆಯಿಸಿ. ಕಾಗದದಲ್ಲಿ ಮೊದಲು ಕರ್ಣ ಎಳೆದು, ಅದರ ಎರಡು ತುದಿಯಿಂದ ಕೈವಾರದಲ್ಲಿ ಬದಿಗಳ ಉದ್ದಕ್ಕೆ ಕಂಸ ಹಾಕಿದರೆ ಮೂಲೆ ತಾನಾಗಿ ಸಿಗುತ್ತದೆ. ಕೋನ ಅಳೆಯುವ ಉಪಕರಣವೇ ಬೇಡ. ಜಮೀನನ್ನು ತ್ರಿಕೋನಗಳಾಗಿ ಒಡೆದು ಸರಪಳಿಯಲ್ಲಿ ಅಳೆಯುವುದರ ಹಿಂದಿರುವುದೂ ಇದೇ ಉಪಾಯ.

ಹಳ್ಳಿಯ ಶಾಲೆಯಾದರೆ ಗುಂಟೆಯನ್ನು ಇಲ್ಲೇ ತನ್ನಿ. 33 ಅಡಿ ಉದ್ದ, 33 ಅಡಿ ಅಗಲ, ಅಂದರೆ ಬದಿಗೆ 10 ಮೀಟರ್ ಮೇಲೆ 6 ಸೆಂ.ಮೀ. ನೆಲದ ಮೇಲೆ ಸುಣ್ಣದಲ್ಲಿ ಒಂದು ಗುಂಟೆ ಗುರುತು ಹಾಕಿಸಿ, ಮಕ್ಕಳನ್ನು ಒಳಗೆ ನಿಲ್ಲಿಸಿ. 40 ಗುಂಟೆಗೆ ಒಂದು ಎಕರೆ ಎಂದು ಕೇಳುತ್ತಾ ಬೆಳೆದ ಮಕ್ಕಳಿಗೂ ಅದು ಎಷ್ಟು ಜಾಗ ಎಂದು ಕಣ್ಣಿಗೆ ಕಟ್ಟಿರುವುದಿಲ್ಲ. ಮೇಲಿನ ಮೈದಾನ ಸುಮಾರು 24 ಗುಂಟೆ.

ನಕ್ಷೆ ಮುಗಿದ ಮೇಲೆ ನಾಲ್ಕು ವಿಷಯ ತಪಾಸಣೆ ಮಾಡಿ: ಶೀರ್ಷಿಕೆ, ಉತ್ತರದ ಬಾಣ, ಪ್ರಮಾಣ, ಸೂಚಿ (ಸಂಕೇತಗಳ ಅರ್ಥದ ಪಟ್ಟಿ). ಬಾಣವನ್ನು ಅಂಗಳದ ಬಣ್ಣದ ಗೆರೆಗೆ ಹೊಂದಿಸಿ ಹಾಕಬೇಕು, ಹಾಳೆಯ ಮೇಲ್ತುದಿಗೆ ಸುಮ್ಮನೆ ಅಲ್ಲ. ನಕ್ಷೆಯ ಉತ್ತರ ಓರೆಯಾಗಿ ಬಂದರೆ ಬರಲಿ, ಅದೇ ಒಳ್ಳೆಯದು. ಸಂಕೇತಗಳನ್ನು ಮಕ್ಕಳೇ ಕಟ್ಟಿಕೊಳ್ಳಲಿ, ಆದರೆ ಬಣ್ಣದ ರೂಢಿ ಈಗಲೇ ಇರಲಿ: ನೀರು ನೀಲಿ, ಗಿಡಮರ ಹಸಿರು, ಕೃಷಿಭೂಮಿ ಹಳದಿ, ಕಟ್ಟಡ ಮತ್ತು ರಸ್ತೆ ಕೆಂಪು, ಎತ್ತರದ ಗೆರೆ ಕಂದು.

ಆಲೂಗೆಡ್ಡೆಯ ಬೆಟ್ಟ

ಸಮೋನ್ನತ ರೇಖೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, ಎಂದ ಕೂಡಲೇ ತರಗತಿ ಮಂಕಾಗುತ್ತದೆ. ಒಂದು ದೊಡ್ಡ ಆಲೂಗೆಡ್ಡೆಯನ್ನು ಉದ್ದಕ್ಕೆ ಸೀಳಿ, ಕತ್ತರಿಸಿದ ಮುಖ ಕೆಳಗಾಗಿ ಪಾರದರ್ಶಕ ಡಬ್ಬದಲ್ಲಿಡಿ. ಡಬ್ಬದ ಹೊರಗೆ 1 ಸೆಂ.ಮೀ.ಗೊಂದು ಗುರುತು. ಮೊದಲ ಗುರುತಿನವರೆಗೆ ನೀರು ಹಾಕಿ, ನೀರು ಮುಟ್ಟಿದ ಅಂಚನ್ನು ಗುಂಡುಸೂಜಿಯಿಂದ ಗೀರಿ. ಎರಡನೇ ಗುರುತು, ಮತ್ತೆ ಗೀರು. ಮೂರನೆಯದು. ನೀರು ಚೆಲ್ಲಿ, ಆಲೂಗೆಡ್ಡೆಯನ್ನು ನೇರವಾಗಿ ಮೇಲಿನಿಂದ, ಮತ್ತೆ ಆ ಹಲ್ಲಿಯ ಕಣ್ಣಿನಲ್ಲಿ, ನೋಡಿ ಗೀರುಗಳನ್ನು ಕಾಗದಕ್ಕೆ ಇಳಿಸಿ. ಕಡಿದಾದ ಬದಿಯಲ್ಲಿ ಗೆರೆಗಳು ಒತ್ತಾಗಿ, ಮೆಲ್ಲಗೆ ಇಳಿಯುವ ಬದಿಯಲ್ಲಿ ದೂರ ದೂರ ಬರುತ್ತವೆ. ಗೆರೆಗಳು ಒಂದನ್ನೊಂದು ಏಕೆ ದಾಟುವುದಿಲ್ಲ ಎಂಬುದನ್ನು ಮಕ್ಕಳೇ ಹೇಳುತ್ತಾರೆ: ಒಂದೇ ಜಾಗದಲ್ಲಿ ನೀರು ಎರಡು ಮಟ್ಟದಲ್ಲಿ ನಿಲ್ಲುವುದಿಲ್ಲ. ಜೇಡಿಮಣ್ಣಿನಲ್ಲಿ ಮಾಡಲು ಹೋಗಬೇಡಿ, ಎರಡನೇ ಗುರುತಿಗೆ ಬರುವಷ್ಟರಲ್ಲಿ ಅಂಚು ಕರಗಿ ಕೆಸರಾಗುತ್ತದೆ. ಗೆಡ್ಡೆ ನೀರಿನಲ್ಲಿ ಮುಳುಗುತ್ತದೆ ನಿಜ, ಆದರೆ ಅಲುಗಾಡಿದರೆ ಗೀರು ಓರೆಯಾಗುತ್ತದೆ. ಒಬ್ಬರು ಕಡ್ಡಿಯಿಂದ ಅದುಮಿ ಹಿಡಿದಿರಲಿ.

ಇದಾದ ಮೇಲೆ ದೇಶದ ಅಧಿಕೃತ ನಕ್ಷೆ ಸಂಸ್ಥೆ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ (ನೆಲದ ಏರಿಳಿತವನ್ನೂ ತೋರಿಸುವ ವಿವರವಾದ ನಕ್ಷೆ) ತೋರಿಸಿ. 1:50,000 ಹಾಳೆಯಲ್ಲಿ 2 ಸೆಂ.ಮೀ. ಅಂದರೆ 1 ಕಿ.ಮೀ., ಕಂದು ಗೆರೆಗಳ ನಡುವಿನ ಅಂತರ ಸಾಮಾನ್ಯವಾಗಿ 20 ಮೀಟರ್. ಗುಡ್ಡದ ಬುಡದಿಂದ ತುದಿಗೆ 15 ಗೆರೆ ಎಣಿಸಿದರೆ ಸುಮಾರು 300 ಮೀಟರ್ ಏರು. 1478 ಮೀಟರಿನ ನಂದಿಬೆಟ್ಟವಾಗಲಿ, 1930 ಮೀಟರಿನ ಮುಳ್ಳಯ್ಯನಗಿರಿಯಾಗಲಿ, ಆ ಎತ್ತರ ಸಮುದ್ರಮಟ್ಟದಿಂದ ಲೆಕ್ಕ ಹಾಕಿದ್ದು, ಬುಡದ ಊರಿನಿಂದ ಅಲ್ಲ ಎಂಬುದನ್ನು ಇಲ್ಲಿ ಸ್ಪಷ್ಟ ಮಾಡಿ.

ಅಕ್ಷಾಂಶ, ರೇಖಾಂಶ ಮತ್ತು ಒಂದು ಆಯತ

ಬೆಂಗಳೂರು 12.97 ಉತ್ತರ, 77.59 ಪೂರ್ವ. ಬೀದರ್ 17.91 ಉತ್ತರ, 77.52 ಪೂರ್ವ. ರೇಖಾಂಶ ಹೆಚ್ಚುಕಡಿಮೆ ಒಂದೇ, ಅಂದರೆ ಬೀದರ್ ಬೆಂಗಳೂರಿಗೆ ನೇರ ಉತ್ತರಕ್ಕಿದೆ. ಅಕ್ಷಾಂಶದ ವ್ಯತ್ಯಾಸ 4.94, ಡಿಗ್ರಿಗೆ 111 ಕಿ.ಮೀ.ಯಂತೆ ಸುಮಾರು 548 ಕಿ.ಮೀ. ರಸ್ತೆಯ ದೂರ ಇದಕ್ಕಿಂತ ಸಾಕಷ್ಟು ಹೆಚ್ಚಿರುವುದು ಯಾಕೆ ಎಂದು ಚರ್ಚೆಗೆ ಬಿಡಿ. ರೇಖಾಂಶದ ಡಿಗ್ರಿಗೆ 111 ಹಿಡಿಯಬಾರದು. ಬೆಂಗಳೂರಿನ ಮಟ್ಟದಲ್ಲಿ ಅದು 108ರ ಆಸುಪಾಸು, ಧ್ರುವದಲ್ಲಿ ಸೊನ್ನೆ. ನಡುವೆ ಅಗಲವಾಗಿ ತುದಿಯಲ್ಲಿ ಚೂಪಾಗುವ ಕಿತ್ತಳೆ ತೊಳೆ ತೋರಿಸಿದರೆ ಸಾಕು.

ತಪ್ಪು ಎರಡು ಕಡೆ ಆಗುತ್ತದೆ. ಅಂಕಿಗಳನ್ನು ಹಿಂದುಮುಂದು ಬರೆದರೆ, 77.59 ಉತ್ತರ 12.97 ಪೂರ್ವ ಎಂದರೆ, ಬೆಂಗಳೂರು ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಆರ್ಕ್ಟಿಕ್ ಸಮುದ್ರಕ್ಕೆ ಬೀಳುತ್ತದೆ. ಇದನ್ನು ಮಕ್ಕಳೆದುರು ಬೇಕೆಂದೇ ಮಾಡಿ ತೋರಿಸಿ, ನಕ್ಕ ಮೇಲೆ ಮರೆಯುವುದಿಲ್ಲ. ಇನ್ನೊಂದು ತಪ್ಪು ಮೆಲ್ಲಗೆ ನುಸುಳುವಂಥದ್ದು: ಪುಸ್ತಕದ 12 ಡಿಗ್ರಿ 58 ನಿಮಿಷವನ್ನು ಫೋನಿನಲ್ಲಿ 12.58 ಎಂದು ಒತ್ತುವುದು. 58ನ್ನು 60ರಿಂದ ಭಾಗಿಸಬೇಕು, 12.97 ಬರುತ್ತದೆ. ಭಾಗಿಸದಿದ್ದರೆ 43 ಕಿ.ಮೀ. ದಕ್ಷಿಣಕ್ಕೆ ಹೋಗಿ ನಿಲ್ಲುತ್ತೀರಿ.

ಎಸ್ಸೆಸ್ಸೆಲ್ಸಿಯಲ್ಲಿ ಭಾರತದ ನಕ್ಷೆ ಬರೆದು ಗುರುತಿಸುವ ಪ್ರಶ್ನೆ ಬರುವುದರಿಂದ ಎಂಟನೆಯವರಿಗೆ ಇದೇ ಜ್ಞಾನವನ್ನು ಚೌಕಟ್ಟಾಗಿ ಕೊಡಿ. ದೇಶದ ಮುಖ್ಯಭೂಮಿ ಉತ್ತರ–ದಕ್ಷಿಣ 3214 ಕಿ.ಮೀ., ಪೂರ್ವ–ಪಶ್ಚಿಮ 2933 ಕಿ.ಮೀ. 1 ಸೆಂ.ಮೀ.ಗೆ 200 ಕಿ.ಮೀ. ಎಂದರೆ 16 ಸೆಂ.ಮೀ. ಎತ್ತರ, 14.7 ಸೆಂ.ಮೀ. ಅಗಲದ ಆಯತ. ಎಡ ಅಂಚಿನಿಂದ 4.7 ಸೆಂ.ಮೀ.ಗೆ ಒಂದು ಲಂಬ ಗೆರೆ: ಕನ್ಯಾಕುಮಾರಿ, ಬೆಂಗಳೂರು, ದೆಹಲಿ ಮೂರೂ ಅದರ ಮೇಲೆ ಅಥವಾ ಮಗ್ಗುಲಲ್ಲೇ ಬರುತ್ತವೆ, ಕನ್ಯಾಕುಮಾರಿ ತಳದಲ್ಲಿ, ಬೆಂಗಳೂರು 2.7 ಸೆಂ.ಮೀ. ಮೇಲೆ, ದೆಹಲಿ 11.3 ಸೆಂ.ಮೀ. ಮೇಲೆ. ತಳದಿಂದ 8.5 ಸೆಂ.ಮೀ.ಗೆ ಅಡ್ಡ ಗೆರೆ ಕರ್ಕಾಟಕ ಸಂಕ್ರಾಂತಿ ವೃತ್ತ. ಎಡದಿಂದ 7.2 ಸೆಂ.ಮೀ., ಅಂದರೆ ನಡುಮಧ್ಯದಲ್ಲೇ, 82½ ಡಿಗ್ರಿ. ಮುಂಬೈ ಎಡದಿಂದ 2.4, ತಳದಿಂದ 6. ಕೋಲ್ಕತ್ತ ಎಡದಿಂದ 10, ತಳದಿಂದ 8, ಕರ್ಕಾಟಕ ವೃತ್ತಕ್ಕೆ ತುಸು ಕೆಳಗೆ. ಈ ಗುರುತುಗಳನ್ನು ಮೊದಲು ಇಟ್ಟು ಆಮೇಲೆ ಅಂಚು ಬರೆದರೆ ಗುಜರಾತ್ ಉಬ್ಬುವುದೂ ಇಲ್ಲ, ದಕ್ಷಿಣ ಕೋಲಾಗುವುದೂ ಇಲ್ಲ. ಪೆನ್ಸಿಲ್ ನಕ್ಷೆಗೆ ಮಾಡಿಕೊಂಡ ಅಂದಾಜು ಲೆಕ್ಕ ಇದು, ಮಿಲಿಮೀಟರಿಗೆ ಜಗಳ ಬೇಡ. ಅಂಚಿಗೆ ಮಾದರಿಯಾಗಿ ಸರ್ವೆ ಆಫ್ ಇಂಡಿಯಾದ ನಕ್ಷೆಯನ್ನೇ ಬಳಸಿ. ಅಂತರ್ಜಾಲದಲ್ಲಿ ಸಿಕ್ಕ ನಕ್ಷೆಗಳಲ್ಲಿ ಜಮ್ಮು ಕಾಶ್ಮೀರ, ಲಡಾಖ್ ಮತ್ತು ಅರುಣಾಚಲದ ಗಡಿ ಬೇರೆ ಥರ ಇರುತ್ತದೆ, ಹಾಗೇ ಮುದ್ರಿಸಿ ಹಂಚಬೇಡಿ.

ಕೊನೆಗೆ ಫೋನು

ಗೂಗಲ್ ಅರ್ಥ್ ಒಂದು ಸಾಕು. ಇಸ್ರೋದ ನಕ್ಷೆ ತಾಣ ಭುವನ್ ಇದ್ದರೆ ಭಾರತದ ವಿಷಯವಾರು ಪದರಗಳು ಸಿಗುತ್ತವೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಊರಿನ ಕೆರೆ, ಗುಡಿ, ಓಣಿಗಳನ್ನು ಕನ್ನಡದ ಹೆಸರಿನೊಂದಿಗೆ ನೀವೇ ಸೇರಿಸಬಹುದು. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುವುದರಿಂದ ಮಕ್ಕಳಿಗಿಂತ ಅವರ ಮನೆಯವರಿಗೇ ಹೆಚ್ಚು ರುಚಿಸುತ್ತದೆ. ಕ್ಯೂಜಿಐಎಸ್ ನಕ್ಷೆ ತಯಾರಿಸುವ ಒಳ್ಳೆಯ ಉಚಿತ ತಂತ್ರಾಂಶವೇ, ಆದರೆ ಎಂಟನೇ ತರಗತಿಗೆ ಬೇಡ. ಮೆನು ಹುಡುಕುವುದರಲ್ಲೇ ಪೀರಿಯಡ್ ಮುಗಿಯುತ್ತದೆ.

ಪ್ರಪಂಚದ ನಕ್ಷೆಯನ್ನು ಪರದೆಯಲ್ಲಿ ತೋರಿಸುವಾಗ ಒಂದು ಎಚ್ಚರಿಕೆ. ಫೋನಿನ ಚಪ್ಪಟೆ ನಕ್ಷೆಗಳು ಸಾಮಾನ್ಯವಾಗಿ ಮರ್ಕೇಟರ್ ಮಾದರಿಯವು, ಧ್ರುವದ ಕಡೆಗೆ ಹೋದಂತೆ ಭೂಮಿ ಊದಿಕೊಳ್ಳುತ್ತದೆ. ಅಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು, ಭಾರತವೇ ಒಂದೂವರೆ ಪಟ್ಟು ದೊಡ್ಡದು. ಗೋಳದ ಮೇಲೆ ಬೆರಳಿಟ್ಟು ಹೋಲಿಸಿ.

ಸ್ಥಾನ ಓದುವಾಗ ಬಯಲಿಗೆ ಬನ್ನಿ. ತೆರೆದ ಆಕಾಶದ ಕೆಳಗೆ ಐದಾರು ಮೀಟರಿನೊಳಗೆ ಸರಿಯಾಗಿ ತೋರಿಸುವ ಫೋನು ಆರ್‌ಸಿಸಿ ಸೂರಿನಡಿ ನಿಮ್ಮನ್ನು ಪಕ್ಕದ ಬೀದಿಗೆ ಕಳಿಸಬಹುದು. ಹೊರಬಂದ ಮೇಲೆ ಒಂದು ನಿಮಿಷ ನಿಂತು ಅಂಕಿ ನೆಲೆಗೊಳ್ಳಲು ಬಿಡಿ. ದಶಮಾಂಶದ ನಂತರ ನಾಲ್ಕು ಅಂಕಿ ಬರೆದುಕೊಂಡರೆ ಸಾಕು, ನಾಲ್ಕನೆಯ ಅಂಕಿಯ ಒಂದು ಹೆಚ್ಚುಕಡಿಮೆ 11 ಮೀಟರ್ ಅಷ್ಟೇ.

ಈಗ ಮಕ್ಕಳ ಹೆಜ್ಜೆಯ ನಕ್ಷೆ ತೆಗೆಯಿರಿ. ಗೂಗಲ್ ಅರ್ಥ್‌ನಲ್ಲಿ ಶಾಲೆಯನ್ನು ಹುಡುಕಿ, ಅಳತೆಪಟ್ಟಿಯ ಗುರುತು ಒತ್ತಿ, ಮೈದಾನದ ನಾಲ್ಕು ಬದಿ ಮತ್ತು ಕರ್ಣ ಅಳೆಯಿರಿ. ನೂರಕ್ಕೆ ಐದರಿಂದ ಹತ್ತರಷ್ಟು ವ್ಯತ್ಯಾಸ ಇದ್ದರೆ ನಕ್ಷೆ ಚೆನ್ನಾಗಿದೆ. ಎಲ್ಲ ಬದಿಯೂ ಒಂದೇ ಪ್ರಮಾಣದಲ್ಲಿ ಹಿಗ್ಗಿದ್ದರೆ ಹೆಜ್ಜೆಯ ಉದ್ದ ತಪ್ಪಾಗಿ ಲೆಕ್ಕ ಹಾಕಿದ್ದಾರೆ, 20 ಮೀಟರಿನ ಕಲ್ಲುಗಳ ಕಡೆಗೆ ಮತ್ತೆ ಕಳಿಸಿ. ಒಂದೇ ಬದಿ ಕೆಟ್ಟಿದ್ದರೆ ನಡುವೆ ಎಣಿಕೆ ತಪ್ಪಿದೆ, ಅದನ್ನು ಮಾತ್ರ ನಡೆಯಿಸಿ. ಬದಿಗಳೆಲ್ಲ ಸರಿಯಿದ್ದು ಆಕಾರ ವಾಲಿದ್ದರೆ ಕರ್ಣ ಅಳೆಯದೆ ಮೂಲೆಯನ್ನು ಕಣ್ಣಂದಾಜಿನಲ್ಲಿ ಬರೆದಿದ್ದಾರೆ. ಇಡೀ ನಕ್ಷೆ ಸರಿಯಾಗಿದ್ದು ತಿರುಗಿ ಕೂತಿದ್ದರೆ, ಉತ್ತರದ ಬಾಣವನ್ನು ಹಾಳೆಯ ಮೇಲ್ತುದಿಗೇ ಹಾಕಿದ್ದಾರೆ.